ಹಗ್ಗ ಹಿಡಿದವರು

ಪ್ರಯಾಣಕ್ಕೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬುದು ನಮ್ಮ ಹಿರಿಯರ ಶಾಸ್ತ್ರ. ಆದರೆ ರೈಲಿನಲ್ಲಿ ಎದುರು ಕುಳಿತವರನ್ನು ಆ ಪ್ರಶ್ನೆ ಕೇಳದೆ ಬಿಡುವುದು ನಮ್ಮಂಥವರಿಂದ ಆಗದ ಮಾತು. ಗಾಡಿ ತುಮಕೂರು ದಾಟುವುದರೊಳಗೆ ಊರು, ಅರಸೀಕೆರೆ ಬರುವುದರೊಳಗೆ ಉದ್ಯೋಗ, ಬೀರೂರಿನ ಹೊತ್ತಿಗೆ ಮಕ್ಕಳ ಸಂಖ್ಯೆ, ಇಷ್ಟನ್ನು ತಿಳಿದುಕೊಳ್ಳದಿದ್ದರೆ ಕೊಟ್ಟ ಟಿಕೆಟ್ಟಿನ ಹಣ ದಂಡವಾಯಿತೆಂದು ಭಾವಿಸುವವರ ಪೈಕಿ ನಾನೂ ಒಬ್ಬ.

ಕಳೆದ ತಿಂಗಳು ಹುಬ್ಬಳ್ಳಿಗೆ ಹೊರಟಿದ್ದೆ. ಹಗಲು ಗಾಡಿ. ಎದುರು ಪೀಠದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಹಿರಿಯರು ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕಾಲ ಬಳಿ ಒಂದು ಕೊಡೆ, ತೊಡೆಯ ಮೇಲೆ ಬಟ್ಟೆಯ ಚೀಲ. ನಿವೃತ್ತರಾದ ಶಾಲಾಮಾಸ್ತರರೆಂದು ಹೇಳದೆಯೇ ತಿಳಿಯುತ್ತಿತ್ತು. ಕಿಟಕಿಯಾಚೆ ಕಾಣುವ ಪ್ರತಿಯೊಂದು ಸ್ಟೇಷನ್ನಿನ ಹೆಸರನ್ನೂ ಅವರು ತುಟಿಯಲ್ಲೇ ಓದಿ ಕಾಗುಣಿತ ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು.

“ಯಾವ ಊರಿಗೆ, ಮಾಸ್ತರೇ?” ಎಂದೆ.

“ಹುಬ್ಬಳ್ಳಿಗೆ ಇಳದು ಗದಗಿನ ಬಸ್ ಹತ್ತಬೇಕ್ರಿ. ಬೆಟಗೇರಿಯೊಳಗ ಒಂದು ಮನಿಗೆ ಹೋಗೋದೈತಿ.”

“ಬಂಧುಗಳೋ?”

“ರಕ್ತಸಂಬಂಧ ಅಲ್ಲರಿ,” ಎಂದು ಒಂದು ಕ್ಷಣ ತಡೆದು, “ಹಗ್ಗದ ಸಂಬಂಧ” ಎಂದರು.

ವಾಚಕರೇ, ಇಂಥ ಉತ್ತರ ಬಂದ ಮೇಲೆ ಸುಮ್ಮನೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುವುದು ಯಾರಿಂದ ಸಾಧ್ಯ? ಕೆದಕಿದೆ. ಅವರೂ ಹೇಳಲು ಬೇಸರಪಡಲಿಲ್ಲ. ಮಧ್ಯೆ ಮಧ್ಯೆ ಅವರ ಚಪಾತಿ, ಶೇಂಗಾಹಿಂಡಿ, ನನ್ನ ಪುಳಿಯೋಗರೆ ಇವುಗಳ ವಿನಿಮಯವೂ ಆಯಿತು. ಅಂದು ನಾನು ಕೇಳಿದ ಕಥೆಯನ್ನೂ, ಮನೆಗೆ ಬಂದ ಮೇಲೆ ಪುಸ್ತಕಗಳನ್ನು ತೆಗೆದು ನೋಡಿ ತಿಳಿದುಕೊಂಡ ವಿವರಗಳನ್ನೂ ಸೇರಿಸಿ ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಅವರು ಕ್ರೈಸ್ತರು. ನಿವೃತ್ತರಾದ ಮೇಲೆ ತಿಂಗಳಿಗೆ ಎರಡು ಸಲ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಉಪದೇಶ ಮಾಡುವುದಕ್ಕಲ್ಲ, ಚಂದಾ ಎತ್ತುವುದಕ್ಕೂ ಅಲ್ಲ. ಸಣ್ಣ ಊರುಗಳಲ್ಲಿ, ಸಣ್ಣ ಸಭೆಗಳಲ್ಲಿ, ತಮಗೆ ದೇವರು ಇಂಥದೊಂದು ಕೆಲಸವನ್ನು ಒಪ್ಪಿಸಿದ್ದಾನೆಂದು ಮನಸ್ಸಿನಲ್ಲಿಟ್ಟುಕೊಂಡು ಬಾಯಿಬಿಡಲು ಹೆದರಿ ಕುಳಿತ ಹುಡುಗ ಹುಡುಗಿಯರಿರುತ್ತಾರಲ್ಲ, ಅವರ ಮನೆಗೆ ಹೋಗುತ್ತಾರೆ. ಒಬ್ಬಳು ದೊಡ್ಡ ಊರಿನ ಆಸ್ಪತ್ರೆಯಲ್ಲಿ ದಾದಿ. ತನ್ನ ಹಳ್ಳಿಗೆ ಮರಳಿ ಬಾಣಂತಿಯರ ಆರೈಕೆಗೆ ನಿಲ್ಲಬೇಕೆಂಬ ಆಸೆ. ಇನ್ನೊಬ್ಬನಿಗೆ ಕಿವಿ ಕೇಳದ ತಂಗಿ. ಅಂಥ ಮಕ್ಕಳಿಗೊಂದು ಶಾಲೆ ತೆರೆಯಬೇಕೆಂಬ ಹಂಬಲ. ಮಾಸ್ತರರು ಅವರ ಮನೆಯ ಜಗುಲಿಯಲ್ಲಿ ಕುಳಿತು ಚಹಾ ಕುಡಿಯುತ್ತಾರೆ, ಕೇಳುತ್ತಾರೆ, ‘ಹೆದರಬ್ಯಾಡ, ಮಾಡು’ ಎನ್ನುತ್ತಾರೆ. ಮುಂದಿನ ತಿಂಗಳು ಮತ್ತೆ ಹೋಗುತ್ತಾರೆ.

“ಇದಕ್ಕಾಗಿ ಅಷ್ಟು ದೂರ ಹೋಗಬೇಕೆ? ಈಗ ಫೋನಿನಲ್ಲೇ ಮುಖ ನೋಡಿಕೊಂಡು ಮಾತನಾಡಬಹುದಲ್ಲ?” ಎಂದೆ.

“ಫೋನಿನ್ಯಾಗ ಮುಖ ಕಾಣ್ತೈತಿ. ಮನಿ ಕಾಣಂಗಿಲ್ಲರಿ,” ಎಂದರು.

ಈ ಬಗೆಯ ಪ್ರಯಾಣ ಕ್ರೈಸ್ತರಲ್ಲಿ ಹೊಸದಲ್ಲವಂತೆ. ಅವರ ಸಭೆಯಷ್ಟೇ ಹಳೆಯದು. ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದಲ್ಲಿ ಸೈಪ್ರಸ್ ದ್ವೀಪದ ಯೋಸೇಫನೆಂಬವನೊಬ್ಬ ಬರುತ್ತಾನೆ. ಅವನ ಸ್ವಭಾವವನ್ನು ಕಂಡು ಜೊತೆಯವರು ಅವನಿಗೆ ಬಾರ್ನಬನೆಂದು ಹೆಸರಿಟ್ಟರು. ಉತ್ತೇಜನದ ಮಗ ಎಂದು ಅದರ ಅರ್ಥ. ಅಂತಿಯೋಕ್ಯ ಪಟ್ಟಣದಲ್ಲಿ ಹೊಸ ಜನ ಸೇರುತ್ತಿದ್ದಾರೆಂಬ ಸುದ್ದಿ ಬಂದಾಗ ಯೆರೂಸಲೇಮಿನವರು ಅವನನ್ನು ಅಲ್ಲಿಗೆ ಕಳುಹಿಸಿದರು. ಅವನು ಹೋಗಿ ತಪ್ಪು ಹುಡುಕಲಿಲ್ಲ. ಕಂಡು ಸಂತೋಷಪಟ್ಟು ಧೈರ್ಯ ಹೇಳಿದನು. ಅಷ್ಟಕ್ಕೆ ನಿಲ್ಲದೆ ತಾರ್ಸಕ್ಕೆ ಹೋಗಿ, ಅಲ್ಲಿದ್ದ ಸೌಲನನ್ನು ಹುಡುಕಿ ಕರೆತಂದನು. ಹಿಂದೆ ತಮ್ಮನ್ನು ಹಿಂಸಿಸಿದವನೆಂದು ಯೆರೂಸಲೇಮಿನ ಶಿಷ್ಯರು ಹೆದರಿ ಸೌಲನನ್ನು ದೂರವಿಟ್ಟಾಗಲೂ ಕೈಹಿಡಿದು ಒಳಗೆ ಕರೆದುಕೊಂಡು ಹೋದವನು ಈ ಬಾರ್ನಬನೇ. ಆ ಸೌಲನೇ ಮುಂದೆ ಜಗತ್ಪ್ರಸಿದ್ಧನಾದ ಪೌಲ. ಗ್ರಂಥದಲ್ಲಿ ಮೊದಲು ‘ಬಾರ್ನಬನೂ ಸೌಲನೂ’ ಎಂದಿದ್ದ ಜೋಡಿ ಕೆಲವೇ ಪುಟಗಳಲ್ಲಿ ‘ಪೌಲನೂ ಬಾರ್ನಬನೂ’ ಎಂದಾಗುತ್ತದೆ. ಹಿಂದೆ ಸರಿದದ್ದಕ್ಕಾಗಿ ಬಾರ್ನಬನು ಮುನಿಸಿಕೊಂಡನೆಂದು ಎಲ್ಲಿಯೂ ಬರೆದಿಲ್ಲ.

“ಅದೆಲ್ಲ ಸರಿ. ಹಗ್ಗದ ಕಥೆ ಏನು?” ಎಂದು ನೆನಪಿಸಿದೆ. ಅಷ್ಟರಲ್ಲಿ ಗಾಡಿ ಬೀರೂರು ಬಿಟ್ಟಿತ್ತು.

* * *

ಇಂಗ್ಲೆಂಡಿನ ನಡುನಾಡಿನಲ್ಲಿ ಕೆಟರಿಂಗ್ ಎಂಬ ಸಣ್ಣ ಪಟ್ಟಣವಿದೆ. 1792ನೆಯ ಅಕ್ಟೋಬರ್ 2ರಂದು ಅಲ್ಲಿಯ ಒಬ್ಬ ವಿಧವೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಹದಿನಾಲ್ಕು ಜನ ಸೇರಿದ್ದರು. ಬಹುಮಂದಿ ಹಳ್ಳಿಗಾಡಿನ ಬ್ಯಾಪ್ಟಿಸ್ಟ್ ಸಭೆಗಳ ಬೋಧಕರು. ಮನೆಯಲ್ಲಿ ನಾಳಿನ ಖರ್ಚಿಗೆ ಲೆಕ್ಕ ಹಾಕುವವರು. ಅವರಲ್ಲೊಬ್ಬ ವಿಲಿಯಂ ಕೇರಿ. ವಯಸ್ಸು ಮೂವತ್ತೊಂದು. ಚಮ್ಮಾರಿಕೆ ಕಲಿತು, ಪಾದರಕ್ಷೆ ಹೊಲಿದು ಬದುಕಿದವನು. ಅದರ ಜೊತೆಗೆ ತಾನೇ ಹಲವು ಭಾಷೆಗಳನ್ನು ಕಲಿತವನು. ದೂರದೇಶಗಳಿಗೆ ಕ್ರಿಸ್ತನ ಸುವಾರ್ತೆಯನ್ನು ಒಯ್ಯಬೇಕೆಂಬುದು ದೇವರು ತನಗಿತ್ತ ಕನಸೆಂದು ಅವನು ವರ್ಷಗಳಿಂದ ಹೇಳುತ್ತಿದ್ದನು. ಹಿರಿಯರು ಕೇಳಿ ತಲೆಯಾಡಿಸುತ್ತಿದ್ದರು. ಕೇಳಿ ಮುಗಿದ ಮೇಲೆ ಟೊಪ್ಪಿಗೆ ಹಾಕಿಕೊಂಡು ಊಟಕ್ಕೆ ಹೋಗುತ್ತಿದ್ದರು.

ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ನಾಟಿಂಗ್‌ಹ್ಯಾಮಿನ ಕೂಟದಲ್ಲಿಯೂ ಹಾಗೆಯೇ ಆಗುವುದರಲ್ಲಿತ್ತು. ಕೇರಿಯ ಪ್ರವಚನ ಮುಗಿದು, ಮರುದಿನ ಎಲ್ಲರೂ ಊರಿಗೆ ಹೊರಡುವ ಹೊತ್ತು. ಕೇರಿ ತನ್ನ ಬಳಿಯಿದ್ದ ಒಬ್ಬನ ಕೈಯನ್ನು ಬಿಗಿಯಾಗಿ ಹಿಡಿದು, ಈ ಸಲವೂ ಏನೂ ಮಾಡದೆ ಹೋಗುವಿರಾ ಎಂದು ಕೇಳಿದನಂತೆ. ಹಾಗೆ ಹಿಡಿಸಿಕೊಂಡ ಕೈ ಆಂಡ್ರ್ಯೂ ಫುಲ್ಲರನದು.

ನನ್ನ ಕಥಾನಾಯಕ ಕೇರಿಯಲ್ಲ, ಈ ಫುಲ್ಲರ್. 1754ರಲ್ಲಿ ರೈತನ ಮಗನಾಗಿ ಹುಟ್ಟಿದವನು. ಎತ್ತರದ ಆಳು, ಪ್ರಾಯದಲ್ಲಿ ಕುಸ್ತಿಯ ಹುಚ್ಚು ಹಿಡಿಸಿಕೊಂಡಿದ್ದವನು. ಕೆಟರಿಂಗಿನಲ್ಲಿ ಬೋಧಕನಾಗಿದ್ದನು. ಆ ಅಕ್ಟೋಬರ್ ಸಭೆಗೆ ಸರಿಯಾಗಿ ನಲವತ್ತು ದಿನಗಳ ಹಿಂದೆ ಅವನ ಹೆಂಡತಿ ತೀರಿಕೊಂಡಿದ್ದಳು. ಕೊನೆಯ ವಾರಗಳಲ್ಲಿ ಆಕೆಗೆ ಬುದ್ಧಿಭ್ರಮಣೆಯಾಗಿ, ತನ್ನ ಮನೆಯನ್ನೇ ತನ್ನದೆಂದು ಗುರುತಿಸಲಾರದವಳಾಗಿದ್ದಳು. ಅಂಥ ಮನೆಯಿಂದ ಎದ್ದು ಬಂದವನು ಆ ಹಿಂಬದಿಯ ಕೋಣೆಯಲ್ಲಿ ಕುಳಿತಿದ್ದನು.

ಅಂದು ಒಂದು ಸಂಘ ಹುಟ್ಟಿತು. ಕೊಡುವೆವೆಂದು ಮಾತುಕೊಟ್ಟ ಹಣ ಒಟ್ಟು 13 ಪೌಂಡು, 2 ಷಿಲ್ಲಿಂಗು, 6 ಪೆನ್ಸು. ವಾಗ್ದಾನದ ಚೀಟಿಗಳನ್ನು ಫುಲ್ಲರನ ನಶ್ಯದ ಡಬ್ಬಿಯಲ್ಲಿ ಹಾಕಿದರೆಂದು ಹೇಳುತ್ತಾರೆ. ಕೇರಿಯ ಹತ್ತಿರ ಕೊಡಲು ಕಾಸಿರಲಿಲ್ಲ. ತಾನು ಬರೆದ ಪುಸ್ತಕದಿಂದ ಬಂದೀತಾದ ಲಾಭವನ್ನು ಕೊಡುವೆನೆಂದನು. ಫುಲ್ಲರ್ ಸಂಘದ ಕಾರ್ಯದರ್ಶಿಯಾದನು.

ಮುಂದೆ ಫುಲ್ಲರನೇ ಆ ದಿನಗಳನ್ನು ನೆನೆದು ಒಂದು ಹೋಲಿಕೆ ಹೇಳುತ್ತಿದ್ದನು. ಯಾರೂ ಇಳಿದಿರದ ಆಳವಾದ ಒಂದು ಗಣಿಯ ಬಾಯಲ್ಲಿ ನಿಂತು ನಾಲ್ಕಾರು ಜನ ಯೋಚಿಸುತ್ತಿದ್ದಂತೆ ನಮ್ಮ ಸ್ಥಿತಿ ಇತ್ತು. ಆಗ ಕೇರಿ, ನೀವು ಮೇಲೆ ಹಗ್ಗ ಹಿಡಿಯುವುದಾದರೆ ನಾನು ಇಳಿಯುತ್ತೇನೆ ಎಂದಂತಾಯಿತು. ಇಳಿಯುವ ಮುನ್ನ, ಬದುಕಿರುವ ತನಕ ಹಗ್ಗ ಬಿಡುವುದಿಲ್ಲವೆಂದು ನಮ್ಮೊಬ್ಬೊಬ್ಬರಿಂದಲೂ ಭಾಷೆ ತೆಗೆದುಕೊಂಡನು — ಇದು ಅದರ ತಾತ್ಪರ್ಯ.

ಕೇರಿ 1793ರ ಜೂನ್ ತಿಂಗಳಲ್ಲಿ ಹಡಗು ಹತ್ತಿ ನವೆಂಬರಿನಲ್ಲಿ ಬಂಗಾಳ ಮುಟ್ಟಿದನು. ಗಣಿಗೆ ಇಳಿದವನ ಕಥೆಯನ್ನು ಜಗತ್ತೇ ಬರೆದಿದೆ. ಹಗ್ಗ ಹಿಡಿದವನು ಮಾಡಿದ್ದೇನು?

ಅವನು ತಿರುಗಿದನು. ರೈಲು ಇಲ್ಲದ ಕಾಲ. ಕುದುರೆಯ ಮೇಲೆ, ಬಾಡಿಗೆ ಸಾರೋಟುಗಳಲ್ಲಿ, ಕೆಸರು ರಸ್ತೆಗಳಲ್ಲಿ ತಿರುಗಿದನು. ಕೆಟರಿಂಗಿನಿಂದ ಎಡಿನ್‌ಬರೋ ಸುಮಾರು 300 ಮೈಲಿ. 1799, 1802, 1805, 1808, 1813 — ಹೀಗೆ ಐದು ಸಲ ಸ್ಕಾಟ್ಲೆಂಡಿಗೆ ಹೋಗಿ ಬಂದನು. ನಡುವೆ 1804ರಲ್ಲಿ ಐರ್ಲೆಂಡಿಗೂ ಹೋದನು. ಊರೂರಿನ ಸಭೆಗಳಲ್ಲಿ ನಿಂತು, ದೂರದ ಬಂಗಾಳದಲ್ಲಿ ನಿಮ್ಮವನೊಬ್ಬ ಇಂಥ ಕೆಲಸದಲ್ಲಿದ್ದಾನೆ, ಇಷ್ಟು ಆಗಿದೆ, ಇಷ್ಟು ಆಗಿಲ್ಲ ಎಂದು ನೇರವಾಗಿ ಹೇಳುತ್ತಿದ್ದನು. ಅಲಂಕಾರದ ಮಾತು ಅವನಿಗೆ ಬರುತ್ತಿರಲಿಲ್ಲ. ಕೇಳಿದವರಲ್ಲಿ ಕೊಡಬಲ್ಲವರು ಕೊಟ್ಟರು. ಕೆಲವು ಯುವಕರು ತಾವೇ ಹೊರಡಲು ಎದ್ದುನಿಂತರು.

ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ಲಂಡನ್ನಿನ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋಗಿ ಕೇಳುವಾಗ ಅನೇಕರು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟು ಕಳುಹಿಸುತ್ತಿದ್ದರು. ಆಗ ಆ ಕುಸ್ತಿಯ ಮೈಕಟ್ಟಿನ ಮನುಷ್ಯ ದೊಡ್ಡ ಬೀದಿಯನ್ನು ಬಿಟ್ಟು ಹಿಂದಿನ ಓಣಿಗೆ ಸರಿದು, ದಾರಿಹೋಕರಿಗೆ ಕಾಣದಂತೆ ಕಣ್ಣೀರು ಒರೆಸಿಕೊಳ್ಳುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಅತ್ತು ಮುಗಿದ ಮೇಲೆ ಮುಂದಿನ ಮನೆಯ ಬಾಗಿಲು ತಟ್ಟುತ್ತಿದ್ದನು.

ಆದರೂ ಕೈಚಾಚುವವನ ದೈನ್ಯ ಅವನಲ್ಲಿರಲಿಲ್ಲ. ಒಬ್ಬ ಪರಿಚಿತ ಧನಿಕ, ಬಂದವರು ನೀವೆಂದು ಕೊಡುತ್ತೇನೆ ಎನ್ನುತ್ತ ಐದು ಪೌಂಡು ಕೊಡಹೋದನಂತೆ. ನನ್ನ ಮುಖ ನೋಡಿ ಕೊಡುವುದಾದರೆ ಬೇಡ, ದೇವರ ಮುಖ ನೋಡಿ ಕೊಡುವುದಾದರೆ ಕೊಡಿ ಎಂದು ಫುಲ್ಲರ್ ಅದನ್ನು ಹಿಂತಿರುಗಿಸಿದನು. ಆ ಮನುಷ್ಯ ನಾಚಿ ಹತ್ತು ಪೌಂಡು ಕೊಟ್ಟನೆಂದು ಕಥೆ.

* * *

ಇಲ್ಲಿಯವರೆಗೆ ಕೇಳಿ, “ಇದೆಲ್ಲ ಬಂಗಾಳದ ಮಾತಾಯಿತು, ನಮಗೂ ಅದಕ್ಕೂ ಏನು?” ಎಂದು ನಾನು ಕೇಳಿದೆ. ನಿಮ್ಮಲ್ಲಿಯೂ ಕೆಲವರು ಕೇಳುತ್ತಿರಬಹುದು. ಮಾಸ್ತರರ ಕಣ್ಣು ಆಗ ಮಿನುಗಿತು. “ಅಲ್ಲೇ ನೋಡ್ರಿ ನಮ್ಮ ಕನ್ನಡ ಬರ್ತೈತಿ,” ಎಂದರು.

ಈಸ್ಟ್ ಇಂಡಿಯಾ ಕಂಪನಿಯವರಿಗೆ ತಮ್ಮ ಸೀಮೆಯಲ್ಲಿ ಪಾದ್ರಿಗಳು ಬೇಡವಾಗಿದ್ದರು. ಆದುದರಿಂದ ಕೇರಿ 1800ರಲ್ಲಿ ಡೆನ್ಮಾರ್ಕಿನವರ ವಶದಲ್ಲಿದ್ದ ಸೆರಾಂಪುರಕ್ಕೆ ಬಂದು ನೆಲೆಸಿದನು. ಮುದ್ರಣ ಬಲ್ಲ ವಾರ್ಡ್, ಶಾಲೆ ನಡೆಸಬಲ್ಲ ಮಾರ್ಷ್‌ಮನ್ ದಂಪತಿಗಳು ಜೊತೆಗೂಡಿದರು. ಪಂಚಾನನ ಕರ್ಮಕಾರನೂ ಅವನ ಅಳಿಯ ಮನೋಹರನೂ ಭಾರತದ ಲಿಪಿಗಳಿಗೆ ಅಚ್ಚಿನ ಮೊಳೆಗಳನ್ನು ಕೊರೆದುಕೊಟ್ಟರು. 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂದಿತು. ಒಂದಾದ ಮೇಲೊಂದು ಭಾಷೆಗೆ ಕೈಹಾಕಿದರು. ಅವುಗಳಲ್ಲಿ ನಮ್ಮದೂ ಒಂದು.

1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಿತು. ಕೇರಿ ಆಗ ಕಲ್ಕತ್ತೆಯಲ್ಲಿದ್ದನು. ಕಾಗದದ ರಾಶಿ, ಅಚ್ಚಿನ ಮೊಳೆಗಳು, ವರ್ಷಾನುಗಟ್ಟಲೆ ಕುಳಿತು ಬರೆದ ಹಸ್ತಪ್ರತಿಗಳು ಎಲ್ಲವೂ ಆಹುತಿಯಾದವು. ಸೀಸ ಕರಗಿ ನೆಲದ ಮೇಲೆ ಹರಿಯಿತು. ಆ ಬೂದಿಯಲ್ಲಿ ಹೋದ ಬರಹಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ಅದೃಷ್ಟಕ್ಕೆ ಮುದ್ರಣಯಂತ್ರಗಳು ಬೇರೆ ಕೋಣೆಯಲ್ಲಿದ್ದು ಉಳಿದವು; ಮೊಳೆಗಳನ್ನು ಮತ್ತೆ ಎರಕ ಹೊಯ್ಯಲು ಬೇಕಾದ ಉಕ್ಕಿನ ಪಡಿಯಚ್ಚುಗಳು ಬೂದಿಯಡಿಯಲ್ಲಿ ಸಿಕ್ಕಿದವು.

ಸುದ್ದಿ ಹಡಗಿನಲ್ಲಿ ಇಂಗ್ಲೆಂಡ್ ಮುಟ್ಟಲು ಆರು ತಿಂಗಳು ಹಿಡಿಯಿತು. ಸೆಪ್ಟೆಂಬರಿನಲ್ಲಿ ಕೆಟರಿಂಗಿಗೆ ಬಂದಿತು. ಅಲ್ಲಿಂದ ಎರಡೇ ತಿಂಗಳೊಳಗೆ ನಷ್ಟವಾದಷ್ಟೂ ಹಣ, ಸುಮಾರು ಹತ್ತು ಸಾವಿರ ಪೌಂಡು, ಕೂಡಿಬಂದಿತು. ಇಪ್ಪತ್ತು ವರ್ಷಗಳ ಹಿಂದೆ ನಶ್ಯದ ಡಬ್ಬಿಯಲ್ಲಿ ಹಿಡಿಸಿದ್ದ ಹಣಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಿ. ಅದು ಎರಡು ತಿಂಗಳ ಪವಾಡವಲ್ಲ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಊರೂರು ತಿರುಗಿ ಮನೆಮನೆಯಲ್ಲಿ ಆ ಕನಸಿನ ಹೆಸರನ್ನು ಉಳಿಸಿಟ್ಟಿದ್ದುದರ ಫಲ.

ಈ ಬೆಂಕಿಯಿಂದ ಸೆರಾಂಪುರದ ಹೆಸರು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಫುಲ್ಲರನು ಕೇರಿಗೆ ಬರೆದ ಪತ್ರದಲ್ಲಿ, ಈ ಕೀರ್ತಿಯನ್ನು ಕಂಡು ನನಗೆ ನಡುಕ ಹುಟ್ಟುತ್ತದೆ ಎಂದು ಎಚ್ಚರಿಸಿದನು. ಬಿದ್ದಾಗ ಎತ್ತುವುದಷ್ಟೇ ಅಲ್ಲ, ಮೇಲೆದ್ದಾಗ ಭುಜ ಒತ್ತಿ ಕೂರಿಸುವುದೂ ಸ್ನೇಹಿತನ ಕೆಲಸವೇ.

1815ರ ಮೇ 7ರಂದು ಫುಲ್ಲರ್ ತೀರಿಕೊಂಡನು. ಭಾರತವನ್ನು ಅವನು ಕಣ್ಣಿನಿಂದ ಕಾಣಲಿಲ್ಲ. ಅವನು ಸತ್ತ ಎರಡು ವರ್ಷಗಳಿಗೆ, 1817ರಲ್ಲಿ, ಸೆರಾಂಪುರದ ಅದೇ ಅಚ್ಚುಕೂಟದಿಂದ ಕೇರಿ ಬರೆದ ಕನ್ನಡ ವ್ಯಾಕರಣ ಹೊರಬಂದಿತು. ಮತಪ್ರಚಾರದ ವಿಷಯದಲ್ಲಿ ನಮ್ಮ ವಾಚಕರಲ್ಲಿ ಹಲವು ಅಭಿಪ್ರಾಯಗಳಿರಬಹುದು, ಇರಲಿ. ನಮ್ಮ ನುಡಿಯ ವ್ಯಾಕರಣವೊಂದು ಅಚ್ಚಾದುದರ ಹಿಂದೆ, ನಮ್ಮ ಅಕ್ಷರಗಳನ್ನು ಓದಲಾರದ ಒಬ್ಬ ಹಳ್ಳಿಯ ಬೋಧಕ ಸ್ಕಾಟ್ಲೆಂಡಿನ ಚಳಿಯಲ್ಲಿ ಸವೆಸಿದ ದಾರಿಯೂ ಇದೆಯೆಂಬುದನ್ನು ನೆನೆಯಲು ಅಡ್ಡಿಯಿಲ್ಲ.

* * *

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕೇರಿಯ ವಿಷಯದಲ್ಲಿ ಎಂದೋ ಓದಿದ್ದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಅದನ್ನು ಕೇಳಿಯೇ ಬಿಟ್ಟೆ.

“ಮಾಸ್ತರೇ, ಕೇರಿಯ ಹೆಂಡತಿಯ ಗತಿ ಏನಾಯಿತು?”

ಅವರು ಉತ್ತರಿಸಲಿಲ್ಲ. ದಾವಣಗೆರೆಯ ಹೊಲಗಳು ಹಿಂದಕ್ಕೆ ಓಡುತ್ತಿದ್ದವು.

ಡಾರತಿ ಎಂದು ಆಕೆಯ ಹೆಸರು. ಗಂಡನ ಕನಸು ಆಕೆಯದಾಗಿರಲಿಲ್ಲ. ಮೊದಲು ಬರುವುದಿಲ್ಲವೆಂದಳು, ತುಂಬು ಬಸುರಿ. ಕೇರಿ ಹಿರಿಯ ಮಗನೊಬ್ಬನನ್ನೇ ಕರೆದುಕೊಂಡು ಹಡಗು ಹತ್ತಿದನು. ಆದರೆ ಆ ಹಡಗಿನಲ್ಲಿ ಹೋಗಲು ತಡೆಯುಂಟಾಗಿ ಹಿಂದಿರುಗಬೇಕಾಯಿತು. ಅಷ್ಟರಲ್ಲಿ ಕೂಸು ಹುಟ್ಟಿತ್ತು. ತಂಗಿ ಜೊತೆಗೆ ಬರುವುದಾದರೆ ಬರುತ್ತೇನೆಂದು ಆಕೆ ಕೊನೆಗೆ ಒಪ್ಪಿದಳು. ಬಂಗಾಳಕ್ಕೆ ಬಂದ ಮೊದಲ ತಿಂಗಳುಗಳಲ್ಲೇ ಕೈಯಲ್ಲಿದ್ದ ಹಣ ಖಾಲಿಯಾಯಿತು. ಜೊತೆಯಲ್ಲಿ ಬಂದಿದ್ದ ವೈದ್ಯ ಥಾಮಸ್ ಒಳ್ಳೆಯ ಮನಸ್ಸಿನವನು, ಆದರೆ ಸಾಲ ಅವನ ನೆರಳಿನಂತೆ ಹಿಂದೆಯೇ ಬರುತ್ತಿತ್ತು. ಕಾಡು, ಜ್ವರ, ಆಮಶಂಕೆ. 1794ರಲ್ಲಿ ಐದು ವರ್ಷದ ಮಗ ಪೀಟರ್ ಸತ್ತನು. ಅದರ ಹಿಂದೆಯೇ ಆಕೆಯ ಬುದ್ಧಿ ಕದಡಿತು, ಮತ್ತೆ ತಿಳಿಯಾಗಲಿಲ್ಲ. 1807ರ ಡಿಸೆಂಬರಿನಲ್ಲಿ ಸಾಯುವ ತನಕ ಹನ್ನೆರಡು ವರ್ಷಗಳ ಕಾಲ ಆಕೆ ಹಾಗೆಯೇ ಇದ್ದಳು. ಪಕ್ಕದ ಕೋಣೆಯಲ್ಲಿ ಆಕೆ ಕೂಗಾಡುತ್ತಿರುವಾಗಲೇ ಈ ಕೋಣೆಯಲ್ಲಿ ಕೇರಿ ಅನುವಾದ ಮಾಡುತ್ತ ಕುಳಿತಿರುತ್ತಿದ್ದನು.

“ಗಣಿಗೆ ಇಳಿದವನು ಒಬ್ಬನೇ ಎಂದು ಫುಲ್ಲರ್ ತಿಳಿದಿದ್ದನು. ಆಕೆಯೂ, ಆ ಮಕ್ಕಳೂ ಇಳಿದಿದ್ದರಲ್ಲ? ಅವರ ಸೊಂಟಕ್ಕೆ ಹಗ್ಗ ಕಟ್ಟಿದವರು ಯಾರು?” ಎಂದೆ. ಸ್ವಲ್ಪ ಕಟುವಾಗಿಯೇ ಕೇಳಿದೆನೇನೋ.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. “ನೀವು ಕೇಳಿದ್ದು ಖರೇ ಐತ್ರಿ. ಅದಕ್ಕಽ ನಾ ಬೆಟಗೇರಿಗೆ ಹೊಂಟೇನಿ,” ಎಂದರು.

ಅನಂತರ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಆರು ವರ್ಷಗಳ ಹಿಂದೆ ಅವರು ಒಬ್ಬ ಯುವಕನನ್ನು ಕಂಡರು. ಒಳ್ಳೆಯ ನೌಕರಿ, ಹೆಂಡತಿ, ಒಂದು ಮಗು. ತಂದೆತಾಯಿಗಳು ದುಡಿಯಲು ಊರು ಬಿಟ್ಟು ಹೋದಾಗ ಹಿಂದುಳಿಯುವ ಮಕ್ಕಳಿಗಾಗಿ ಒಂದು ವಸತಿಗೃಹ ನಡೆಸಬೇಕೆಂದು ಅವನ ಕನಸು. ಮಾಸ್ತರರಿಗೆ ಅವನ ಮಾತು ಕೇಳಿ ಮೈನವಿರೆದ್ದಿತು. ಕೇರಿಯ ಕಥೆ ಹೇಳಿದರು, ಬಾರ್ನಬನ ಕಥೆ ಹೇಳಿದರು, ಬೆನ್ನು ತಟ್ಟಿದರು. ಹುಡುಗ ನೌಕರಿ ಬಿಟ್ಟನು, ಸಾಲ ತಂದನು, ಹೆಂಡತಿಯ ಬಳೆಗಳನ್ನು ಅಡವಿಟ್ಟನು. ಹದಿನಾಲ್ಕು ತಿಂಗಳಿಗೆ ವಸತಿಗೃಹ ಮುಚ್ಚಿತು. ಕೊಡುತ್ತೇವೆಂದವರು ಕೊಡಲಿಲ್ಲ, ಲೆಕ್ಕ ಇಡುವುದು ಅವನಿಗೆ ತಿಳಿದಿರಲಿಲ್ಲ.

“ಆ ಒಂದು ವರ್ಷದಾಗ ನಾ ಅವರ ಮನಿಗೆ ನಾಲ್ಕ್ ಸಲ ಹೋಗಿದ್ದೆರಿ. ನಾಲ್ಕೂ ಸಲ ಆ ಹೆಣಮಗಳು ಚಾ ಮಾಡಿಕೊಟ್ಟಳು. ಒಂದ್ ಸಲನೂ ‘ನಿನಗೇನ ಅನಸ್ತೈತಿ, ತಂಗಿ?’ ಅಂತ ನಾ ಕೇಳಲಿಲ್ಲರಿ.”

ಗಾಡಿ ತುಂಗಭದ್ರೆಯ ಸೇತುವೆಯ ಮೇಲೆ ಸದ್ದು ಮಾಡುತ್ತ ಹೋಯಿತು. ಹರಿಹರ ದಾಟಿದ ಮೇಲೆಯೇ ಅವರು ಮುಂದುವರಿಸಿದ್ದು.

ವಸತಿಗೃಹ ಮುಚ್ಚಿದ ಸುದ್ದಿ ತಿಳಿದಾಗ ಒಂದು ತಿಂಗಳು ಅವರು ಆ ಕಡೆ ಮುಖ ಹಾಕಲಿಲ್ಲವಂತೆ, ನಾಚಿಕೆ, ಭಯ. ಅನಂತರ ಅವರಿಗೆ ಅನಿಸಿತು: ಮೇಲೇರಿ ಬರುವವನಿಗಾಗಿ ಮಾತ್ರ ಹಿಡಿಯುವುದಾದರೆ ಅದು ಹಗ್ಗವಲ್ಲ, ಮೆರವಣಿಗೆಯ ಬಾವುಟ. ಹೋದರು. ಹುಡುಗ ತಲೆಯೆತ್ತಿ ಮಾತನಾಡಲಿಲ್ಲ. ಆ ಹೆಣ್ಣುಮಗಳು ಅಂದೂ ಚಹಾ ಮಾಡಿಕೊಟ್ಟಳು. ಅಂದು ಮಾಸ್ತರರು ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು. ಆಕೆ ಒಂದು ಗಂಟೆ ಮಾತನಾಡಿದಳಂತೆ. ಅಂದಿನಿಂದ ಪ್ರತಿ ತಿಂಗಳೂ ತಪ್ಪದೆ ಹೋಗುತ್ತಾರೆ. ಪಿಂಚಣಿಯಲ್ಲಿ ಒಂದು ಪಾಲು ಆ ಸಾಲದ ಬಡ್ಡಿಗೆ ಹೋಗುತ್ತದೆ. ಹುಡುಗನಿಗೆ ಮತ್ತೆ ಒಂದು ನೌಕರಿ ಸಿಕ್ಕಿದೆ. ಈಗ ಸಂಜೆಯ ಹೊತ್ತು ಮನೆಯ ಪಡಸಾಲೆಯಲ್ಲಿ ಹನ್ನೆರಡು ಮಕ್ಕಳು ಕುಳಿತು ಓದುತ್ತಾರೆ. ಲೆಕ್ಕದ ಪುಸ್ತಕ ಬರೆಯುವವಳು ಹೆಂಡತಿ. ಮಕ್ಕಳಿಗೆ ಬೆಲ್ಲ ಶೇಂಗಾ ಕೊಡಬೇಕೆಂಬುದು ಆಕೆಯದೇ ವಿಚಾರವಂತೆ.

“ದೇವರು ಕೊಟ್ಟ ಕನಸು ಯಾವುದು, ನಮ್ಮ ಹಟ ಯಾವುದು ಎಂದು ನೀವು ಹೇಗೆ ತಿಳಿಯುತ್ತೀರಿ?” ಎಂದು ಕೇಳಿದೆ.

ಅದನ್ನು ಅಳೆಯುವ ಕೋಲು ತಮ್ಮ ಬಳಿಯಿಲ್ಲವೆಂದು ಅವರು ಒಪ್ಪಿಕೊಂಡರು. ಆದರೆ ಬೆಟಗೇರಿಯ ಮನೆ ಕಲಿಸಿದ ಮೂರು ಪ್ರಶ್ನೆಗಳನ್ನು ಈಗ ಎಲ್ಲಿ ಹೋದರೂ ಕೇಳುತ್ತಾರಂತೆ. ನಿನ್ನ ಹೆಸರು ಎಲ್ಲಿಯೂ ಬರದಿದ್ದರೂ ಈ ಕೆಲಸ ಮಾಡುತ್ತೀಯಾ? ಇದರ ಬೆಲೆ ಎಷ್ಟು, ಅದನ್ನು ತೆರುವವರು ಯಾರು? ಅವರನ್ನು ನೀನು ಕೇಳಿದೆಯಾ? ಮೂರನೆಯದಕ್ಕೆ ಉತ್ತರವನ್ನು ಅವರು ಹುಡುಗನ ಬಾಯಿಂದ ತೆಗೆದುಕೊಳ್ಳುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ತಾವೇ ಕೇಳುತ್ತಾರೆ. ಕಿವಿ ಕೇಳದ ಮಕ್ಕಳಿಗೆ ಶಾಲೆ ತೆರೆಯಲು ಹೊರಟವನಿಗೆ, ಮೊದಲು ಹೋಗಿ ಆ ವಿದ್ಯೆಯ ಶಿಕ್ಷಕ ತರಬೇತಿ ಮುಗಿಸಿ ಬಾ ಎಂದಿದ್ದಾರೆ. ಅವನು ಈಗ ಓದುತ್ತಿದ್ದಾನೆ. ಪರೀಕ್ಷೆಯ ಹಿಂದಿನ ವಾರ ಮಾಸ್ತರರು ಅಲ್ಲಿಗೂ ಹೋಗಿಬರುತ್ತಾರೆ.

ಹುಬ್ಬಳ್ಳಿ ಬಂದಿತು. ಅವರು ಕೊಡೆ, ಚೀಲ ತೆಗೆದುಕೊಂಡು ನಿಂತರು. ಚೀಲದ ಬಾಯಿಂದ ಒಂದು ಹೊಸ ಲೆಕ್ಕದ ಪುಸ್ತಕ ಇಣುಕುತ್ತಿತ್ತು. ಯಾರಿಗೆಂದು ಕೇಳುವ ಅವಶ್ಯಕತೆ ನನಗೆ ಕಾಣಲಿಲ್ಲ.

“ಬರ್ತೇನ್ರಿ. ನಿಮ್ಮ ಪುಳಿಯೋಗರೆ ಭಾಳ ಚಲೋ ಇತ್ತು. ಮಾಡಿದವರಿಗೆ ಹೇಳ್ರಿ,” ಎಂದು ಇಳಿದು ಹೋದರು.

* * *

ಗಣಿಗೆ ಇಳಿಯುವ ಸಾಹಸ ನಮ್ಮಲ್ಲಿ ಬಹುಮಂದಿಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ನಮ್ಮ ಬಂಧುಬಳಗದಲ್ಲಿ, ನಮ್ಮ ಓಣಿಯಲ್ಲಿ, ಇಂಥದೊಂದು ಕೆಲಸ ತನ್ನ ಪಾಲಿಗೆ ಬಂದಿದೆಯೆಂದು ನಂಬಿ, ಯಾರಿಗೆ ಹೇಳಲಿ ಎಂದು ತಿಳಿಯದೆ ಕುಳಿತವನೊಬ್ಬ ಇದ್ದೇ ಇರುತ್ತಾನೆ. ಮದುವೆ ಮುಂಜಿಗಳಿಗೆ ನಾವು ಎಷ್ಟು ದೂರವಾದರೂ ಹೋಗುತ್ತೇವೆ. ಸತ್ತ ಮನೆಗೂ ಹೋಗುತ್ತೇವೆ. ಇವೆರಡರ ನಡುವೆ, ಯಾವ ಕಾರಣವೂ ಇಲ್ಲದೆ, ‘ನಿನ್ನ ಆ ವಿಚಾರ ಎಲ್ಲಿಗೆ ಬಂತು?’ ಎಂದು ಕೇಳುವುದಕ್ಕಾಗಿ ಬಸ್ಸು ಹತ್ತಿದವರು ನಮ್ಮಲ್ಲಿ ಎಷ್ಟು ಮಂದಿ?

ಮನೆಗೆ ಬಂದವನು ಮಾಸ್ತರರ ಮಾತನ್ನು ನನ್ನ ಮನೆಯವಳಿಗೆ ಒಪ್ಪಿಸಿದೆ. ಪುಳಿಯೋಗರೆ ಚೆನ್ನಾಗಿತ್ತಂತೆ ಎಂದೆ. ಅನಂತರ, ಹಲವು ವರ್ಷಗಳಿಂದ ಕೇಳದೆ ಬಿಟ್ಟಿದ್ದ ಒಂದು ಪ್ರಶ್ನೆಯನ್ನೂ ಕೇಳಿದೆ. ಉತ್ತರ ದೀರ್ಘವಾಗಿತ್ತು. ಅದು ಈ ಅಂಕಣಕ್ಕಲ್ಲ.